ಮೊದಲು ಎಳೆ ಸೊಪ್ಪು

ಹೆಲ್ಸಿಂಕಿ
ಜನವರಿ 18

ಅಮ್ಮಾ,

ಸಂಕ್ರಾಂತಿಯ ದಿನ ಫೋನ್ ಮಾಡಿದಾಗ ನೀನು ಆಡಿದ್ದು ಎರಡೇ ಮಾತು. ‘ಊಟ ಆಯ್ತಾ? ಚಳಿ ಹುಷಾರು.’ ಆಮೇಲೆ ಫೋನನ್ನು ತಂಗಿಯ ಕೈಗೆ ಕೊಟ್ಟುಬಿಟ್ಟೆ. ಅವಳು ಹಿತ್ತಲಿಗೆ ಹೋಗಿ ಮೆಲ್ಲಗೆ ಎಲ್ಲ ಹೇಳಿದಳು. ನೀನು ಬೆಳಗ್ಗೆ ಏಳಲು ಹೊತ್ತು ಮಾಡುತ್ತೀಯಂತೆ. ಜಗುಲಿಗೆ ಬಂದು ಕೂರುವುದಿಲ್ಲವಂತೆ. ಅವರೆಕಾಯಿ ತಂದಿಟ್ಟರೆ ‘ನೀನೇ ಸುಲಿ’ ಅಂತೀಯಂತೆ. ಸೊಗಡು ಅವರೆ ಬರುವ ಕಾಲದಲ್ಲಿ ನೀನು ಮೊರದ ಮುಂದೆ ಕೂತಿಲ್ಲ ಅಂದರೆ ನನಗೆ ಬೇರೇನೂ ಹೇಳಬೇಕಾಗಿಲ್ಲ.

ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ನಾನೇ ಒತ್ತಾಯ ಮಾಡಿ ಕೇಳಿದ್ದು. ಫೋನಿನಲ್ಲಿ ಈ ಮಾತು ಎತ್ತಿದರೆ ನನ್ನ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ನಾನು ಮುಚ್ಚಿಟ್ಟ ಒಂದು ವಿಷಯವೂ ಇದೆ.

ಹೋದ ವರ್ಷದ ಚಳಿಗಾಲದಲ್ಲಿ ನನಗೂ ಹೀಗೇ ಆಗಿತ್ತು. ಅಪ್ಪನ ಕಾರ್ಯ ಮುಗಿಸಿ ಇಲ್ಲಿಗೆ ಬಂದಾಗ ಅಕ್ಟೋಬರ್ ಕೊನೆ. ಅಲ್ಲಿಂದಾಚೆಗೆ ಇಲ್ಲಿ ಹಗಲು ಕುಗ್ಗುತ್ತಲೇ ಹೋಗುತ್ತದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಒಂಬತ್ತೂಕಾಲು ದಾಟಿದ ಮೇಲೆ, ಮುಳುಗುವುದು ಮೂರೂಕಾಲಿಗೆ. ಆರು ಗಂಟೆಯ ಬೆಳಕೂ ಇಲ್ಲ. ನಮ್ಮ ಶಿಡ್ಲಘಟ್ಟದ ಕಡೆ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗಿಂತ ಜಾಸ್ತಿ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ವಾಪಸ್ ಬರುತ್ತಿದ್ದೆ. ರಜೆಯ ದಿನ ಪರದೆಯನ್ನೂ ಸರಿಸುತ್ತಿರಲಿಲ್ಲ. ರಾತ್ರಿ ಎರಡರವರೆಗೆ ಹಾಸಿಗೆಯಲ್ಲಿ ಫೋನ್ ಉಜ್ಜುತ್ತಾ ಬಿದ್ದಿರುತ್ತಿದ್ದೆ. ನೀನು ಕಟ್ಟಿಕೊಟ್ಟ ಹುರಿಟ್ಟು ಡಬ್ಬಿಯಲ್ಲೇ ಉಳಿಯಿತು. ಅಳುವೂ ಬರುತ್ತಿರಲಿಲ್ಲ. ಯಾವುದೂ ಬೇಡ ಅನ್ನಿಸುತ್ತಿತ್ತು, ಅಷ್ಟೇ.

ಪ್ರಪಂಚದಲ್ಲೇ ಸಂತೋಷವಾಗಿರುವ ದೇಶ ಫಿನ್‌ಲ್ಯಾಂಡ್ ಅಂತ ಪೇಪರಿನಲ್ಲಿ ಬಂದದ್ದನ್ನು ಅಪ್ಪ ಕತ್ತರಿಸಿ ಇಟ್ಟಿದ್ದರಲ್ಲ? 2018ರಿಂದ 2025ರವರೆಗೆ ಪ್ರತಿ ವರ್ಷವೂ ಆ ಪಟ್ಟಿಯಲ್ಲಿ ಈ ದೇಶವೇ ಮೊದಲು. ಅವರು ಕೇಳುವ ಪ್ರಶ್ನೆ ಏನು ಗೊತ್ತಾ? ಒಂದು ಏಣಿ ಇದೆ ಅಂದುಕೋ, ಕೆಳಗೆ ಸೊನ್ನೆ, ಮೇಲೆ ಹತ್ತು. ನಿನ್ನ ಬದುಕು ಈಗ ಎಷ್ಟನೇ ಮೆಟ್ಟಿಲಲ್ಲಿದೆ ಅಂತ ಕೇಳುತ್ತಾರೆ. ಇವತ್ತು ನಕ್ಕೆಯಾ ಅಂತ ಕೇಳಿ ಆ ಪಟ್ಟಿ ಮಾಡುವುದಿಲ್ಲ. ಇಲ್ಲಿನ ಜನಕ್ಕೆ ನಾಳೆಯ ಭಯ ಕಡಿಮೆ, ಅದು ನಿಜ. ಆದರೆ ಈ ಕತ್ತಲು ಅವರಿಗೂ ಭಾರವೇ. ಅದಕ್ಕೆ ಅವರು ನಾಚಿಕೊಳ್ಳುವುದಿಲ್ಲ. ಮಳೆಗಾಲಕ್ಕೆ ನಾವು ಸೌದೆ ಒಟ್ಟಿಡುವ ಹಾಗೆ ಅವರು ಚಳಿಗಾಲಕ್ಕೆ ತಮ್ಮ ಮನಸ್ಸಿನ ಏರ್ಪಾಡು ಮಾಡಿಕೊಳ್ಳುತ್ತಾರೆ.

ನನ್ನನ್ನು ಎಬ್ಬಿಸಿದ್ದು ಒಬ್ಬರು ನರ್ಸ್. ತಲೆನೋವು ಅಂತ ಹೋಗಿದ್ದೆ. ಅವರು ನಿದ್ದೆ ಕೇಳಿದರು, ಊಟ ಕೇಳಿದರು, ಆಮೇಲೆ ‘ಮನೆಯಲ್ಲಿ ಯಾರಾದರೂ ತೀರಿಕೊಂಡರಾ’ ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ ಅಮ್ಮ. ಅವರು ಸಮಾಧಾನ ಮಾಡಿ ಒಂದು ಮಾತು ಹೇಳಿದರು: ಮನಸ್ಸು ಬರಲಿ, ಆಮೇಲೆ ಮಾಡುತ್ತೇನೆ ಅಂತ ಕಾಯಬೇಡ. ಮೊದಲು ಚಿಕ್ಕದೊಂದು ಮಾಡು, ಮನಸ್ಸು ಹಿಂದಿನಿಂದ ಬರುತ್ತದೆ.

ಅವತ್ತು ರಾತ್ರಿ ನನಗೆ ನಮ್ಮ ರೇಷ್ಮೆ ಹುಳು ಮನೆ ನೆನಪಾಯಿತು.

ಹುಳು ಜ್ವರಕ್ಕೆ ಕೂತಾಗ ಮನೆಯೆಲ್ಲ ಹೇಗೆ ಸದ್ದಡಗುತ್ತಿತ್ತು ಅಲ್ವಾ? ಹಿಂದಿನ ದಿನದವರೆಗೆ ಸೊಪ್ಪು ತಿನ್ನುವ ಸರಸರ ಸದ್ದು, ಜಿಟಿಜಿಟಿ ಮಳೆಯ ಹಾಗೆ. ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲ. ತಲೆ ಎತ್ತಿಕೊಂಡು, ಮಿಸುಕದೆ, ಸಾಲುಸಾಲಾಗಿ ಕೂತುಬಿಡುತ್ತಿದ್ದವು. ನಾನು ಚಿಕ್ಕವನಿದ್ದಾಗ ಸತ್ತುಹೋದವಾ ಅಂತ ಹೆದರಿ ಕೇಳಿದ್ದೆ. ‘ಇಲ್ಲ ಮಗ, ಹಳೇ ಚರ್ಮ ಬಿಗಿಯಾಗಿದೆ, ಬಿಡಿಸ್ಕೊಳ್ತಾ ಇವೆ. ಮುಟ್ಟಬೇಡ’ ಅಂದಿದ್ದರು ಅಪ್ಪ. ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸುತ್ತಿದ್ದರು. ಗಾಳಿ ಆಡಲು ಬಿಡುತ್ತಿದ್ದರು. ಹುಳು ಎದ್ದ ಮೇಲೂ ಒಮ್ಮೆಲೇ ಕಂತೆಗಟ್ಟಲೆ ಸೊಪ್ಪು ಸುರಿಯುತ್ತಿರಲಿಲ್ಲ. ಮೊದಲು ಎಳೆ ಸೊಪ್ಪು, ಅದೂ ಸ್ವಲ್ಪವೇ. ನಿಜವಾದ ಹಸಿವು ಆಮೇಲೆ ಬರುತ್ತದೆ ಅನ್ನುತ್ತಿದ್ದರು. ನಾಲ್ಕು ಜ್ವರ ದಾಟಿದ ಹುಳುವೇ ಅಲ್ವಾ ಅಮ್ಮ, ಕೊನೆಗೆ ಚಂದ್ರಂಕಿ ತಟ್ಟೆ ಏರಿ ಗೂಡು ಕಟ್ಟುವುದು?

ನನ್ನ ಮೊದಲ ಎಳೆ ಸೊಪ್ಪು ಅಂದರೆ ಕಿಟಕಿಯ ಪರದೆ ಸರಿಸಿದ್ದು. ನಗಬೇಡ, ಅಷ್ಟೇ. ಒಂದು ವಾರ ಅಷ್ಟನ್ನೇ ಮಾಡಿದೆ. ಆಮೇಲೆ ಎದ್ದ ಕೂಡಲೇ ಬೆಳಕಿನ ದೀಪದ ಮುಂದೆ ಅರ್ಧ ಗಂಟೆ ಕೂರಲು ಶುರುಮಾಡಿದೆ. ಇಲ್ಲಿ ಅಂಗಡಿಯಲ್ಲೇ ಸಿಗುತ್ತದೆ, 10,000 ಲಕ್ಸ್ ಬೆಳಕು ಕೊಡುವ ದೀಪ. ಲಕ್ಸ್ ಅಂದರೆ ಬೆಳಕಿನ ಅಳತೆ. ಮನೆಯ ಬಲ್ಬಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಮೋಡ ಕವಿದ ಹಗಲಿನಲ್ಲೂ ಬಯಲಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ ಅಮ್ಮ. ಯಾವಾಗ ನಿದ್ದೆ, ಯಾವಾಗ ಎಚ್ಚರ ಅಂತ ಅದು ನಡೆಸುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ಸರಿಯಾದ ಹೊತ್ತಿಗೆ ತಿರುಗಿಕೊಳ್ಳುತ್ತದೆ. ಈ ಗಡಿಯಾರ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಹಣ್ಣಿನ ಮೇಲೆ ಕೂರುವ ಪುಟ್ಟ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಅಪ್ಪ ಇದ್ದಿದ್ದರೆ ಈ ಮಾತಿಗೆ ಎಷ್ಟು ಖುಷಿಪಡುತ್ತಿದ್ದರು!

ನೀನು ದುಡ್ಡು ಕೊಟ್ಟು ದೀಪ ತರಬೇಕಿಲ್ಲ. ನಿನ್ನ ಬಾಗಿಲಿಗೇ ಬೆಳಕು ಬರುತ್ತದೆ. ಮುಂಚೆ ನೀನು ಆರಕ್ಕೆ ಎದ್ದು, ಸಗಣಿ ನೀರು ಚಿಮುಕಿಸಿ, ರಂಗೋಲಿ ಇಟ್ಟು, ಹತ್ತು ನಿಮಿಷ ಜಗುಲಿ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆಯಲ್ಲ, ಅದನ್ನು ನಾವು ಕೆಲಸ ಅಂದುಕೊಂಡಿದ್ದೆವು. ನಿನ್ನ ಮೈಗೂ ಮನಸ್ಸಿಗೂ ಅದೇ ಔಷಧಿಯಾಗಿತ್ತು ಅಂತ ಇಷ್ಟು ದೂರ ಬಂದ ಮೇಲೆ ನನಗೆ ತಿಳಿಯಿತು.

ರಂಗೋಲಿ ಬಗ್ಗೆ ತಂಗಿ ಇನ್ನೊಂದು ಮಾತು ಹೇಳಿದಳು. ಅಪ್ಪ ಹೋದ ಮೇಲೆ ನೀನು ಬಾಗಿಲಿಗೆ ಇಡಬಾರದು ಅಂತ ಯಾರೋ ಅಂದರಂತೆ. ನೀನು ಅವತ್ತಿನಿಂದ ಡಬ್ಬಿಯನ್ನೇ ಮುಟ್ಟಿಲ್ಲವಂತೆ. ಕೇಳಿ ನನ್ನ ಹೊಟ್ಟೆ ಉರಿಯಿತು. ತಾತ ಹೋದ ಮೇಲೆ ಅಜ್ಜಿ ಎಷ್ಟು ವರ್ಷ ನಮ್ಮ ಬಾಗಿಲಿಗೆ ರಂಗೋಲಿ ಇಟ್ಟಳು? ಅವಳ ಕೈ ನಡುಗಲು ಶುರುವಾಗುವವರೆಗೆ. ಆ ಕೈ ನೋಡಿಯೇ ನೀನು ಕಲಿತದ್ದು. ಆ ಮಾತು ಆಡಿದವರು ಯಾರೇ ಆಗಲಿ, ಅದು ಅವರ ಬಾಗಿಲಿನಲ್ಲೇ ಇರಲಿ. ನಮ್ಮ ಬಾಗಿಲು ನಿನ್ನದು. ನಾಳೆಯೇ ಹದಿನೈದು ಚುಕ್ಕಿಯ ತೇರು ಹಾಕು ಅನ್ನುತ್ತಿಲ್ಲ. ಮೂರು ಚುಕ್ಕಿ ಇಡು, ಸುತ್ತ ಒಂದು ಎಳೆ ಎಳಿ. ಸಾಕು.

ಹಾಲಿನ ಡೈರಿಗೆ ಈಗ ಪಕ್ಕದ ಮನೆ ಹುಡುಗ ಕ್ಯಾನ್ ಒಯ್ಯುತ್ತಾನಂತೆ. ಅಪ್ಪ ಹೋಗುತ್ತಿದ್ದ ದಾರಿ, ನಿನಗೆ ಕಷ್ಟ ಆಗಬಹುದು. ಆದರೂ ಬೆಳಗಿನ ಹೊತ್ತು ಮಾತ್ರ ನೀನೇ ಹೋಗು ಅಮ್ಮ, ತಂಗಿ ಜೊತೆಗಿರಲಿ. ಹೋಗಿಬರಲು ಅರ್ಧ ಗಂಟೆ. ದೊಡ್ಡವರು ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಸ್ವಲ್ಪ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ದಿನ ಡೈರಿಗೆ ಹೋದರೆ ಲೆಕ್ಕ ಸರಿಹೋಯಿತು. ಮಂಡಿ ನೋವಿರುವ ದಿನ ಅರಳಿಕಟ್ಟೆವರೆಗೆ ಹೋಗಿ ಬಾ. ಡೈರಿಯ ಸಾಲಿನಲ್ಲಿ ನಿಂತಾಗ ನಾಲ್ಕು ಜನ ಮಾತಾಡಿಸುತ್ತಾರೆ. ನನಗೆ ನಡಿಗೆಗಿಂತ ಅದೇ ಮುಖ್ಯ.

ಏಕೆ ಅಂದರೆ ಇಲ್ಲಿ ನನಗೆ ಅದು ಎಷ್ಟು ಬೇಕಾಗಿತ್ತು ಅಂತ ಗೊತ್ತಾಗಿದೆ. ಕೆಳಗಿನ ಮನೆಯ ಅಜ್ಜಿ ದಿನಾ ಬೆಳಗ್ಗೆ ನಾಯಿ ಕರೆದುಕೊಂಡು ಹೊರಡುತ್ತಾರೆ. ಐಸಿನ ಮೇಲೆ ಜಾರದ ಹಾಗೆ ಮುಳ್ಳಿನ ಬೂಟು, ಕೋಟಿಗೆ ಕತ್ತಲಲ್ಲಿ ಹೊಳೆಯುವ ಬಿಲ್ಲೆ. ‘ಹುವೊಮೆಂತಾ’ ಅನ್ನುತ್ತಾರೆ, ಬೆಳಗಿನ ನಮಸ್ಕಾರ ಅಂತ. ಎರಡು ತಿಂಗಳು ಬರೀ ಅದೊಂದೇ ಪದ ನಮ್ಮಿಬ್ಬರ ಮಾತು. ಒಂದು ದಿನ ನಾನು ಕೆಳಗಿಳಿಯಲಿಲ್ಲ. ಸಂಜೆ ಬಂದು ಬಾಗಿಲು ತಟ್ಟಿದರು, ಕೈಯಲ್ಲಿ ಏಲಕ್ಕಿ ಹಾಕಿದ ಬನ್ನು. ಏಲಕ್ಕಿ ಅಮ್ಮ! ಆ ವಾಸನೆಗೆ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬಂತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಶುರುಮಾಡಿ ನೂರಾರು ಜನರ ಇಡೀ ಬದುಕನ್ನೇ ನೋಡುತ್ತಾ ಬಂದಿದ್ದಾರೆ. ಹತ್ತಿರದವರ ಜೊತೆ ಚೆನ್ನಾಗಿರುವವರೇ ಮುಪ್ಪಿನಲ್ಲಿ ಹೆಚ್ಚು ಆರೋಗ್ಯವಾಗಿ, ಸಂತೋಷವಾಗಿ ಇರುತ್ತಾರೆ ಅಂತ ಅವರಿಗೆ ಕಂಡಿದೆ. ನಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಐದಾರು ಹೆಂಗಸರು ಕೂರುತ್ತಿದ್ದಿರಲ್ಲ, ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರನ್ನು ಮತ್ತೆ ಕರಿ. ಹಿಚುಕಿದ ಬೇಳೆ ಸಾರು ಮಾಡು, ಒಂದು ಬಟ್ಟಲು ಪಕ್ಕದ ಮನೆಗೆ ಕಳಿಸು.

ಇನ್ನೊಂದಿದೆ. ಅಪ್ಪನ ಲೆಕ್ಕದ ಪುಸ್ತಕ ನೆನಪಿದೆಯಲ್ಲ, ಎಷ್ಟು ಮೊಟ್ಟೆ ತಂದದ್ದು, ಎಷ್ಟು ಹೊರೆ ಸೊಪ್ಪು, ಮಾರ್ಕೆಟ್ಟಿನಲ್ಲಿ ಗೂಡು ಎಷ್ಟು ಕೆಜಿ ತೂಗಿತು ಅಂತ? ನಾನೂ ಒಂದು ಪುಸ್ತಕ ಇಟ್ಟಿದ್ದೇನೆ. ರಾತ್ರಿ ಮಲಗುವ ಮುಂಚೆ ಫೋನನ್ನು ಅಡುಗೆಮನೆಯಲ್ಲಿಟ್ಟು ಬಂದು, ಅವತ್ತು ಸಿಕ್ಕ ಒಳ್ಳೆಯದನ್ನು ಎರಡು ಸಾಲು ಬರೆಯುತ್ತೇನೆ. ‘ಬಸ್ಸಿನವನು ನನಗಾಗಿ ನಿಂತ.’ ‘ಹಿಮದ ಮೇಲೆ ಮೊಲದ ಹೆಜ್ಜೆ.’ ಹೀಗೆ. ವಾರಕ್ಕೊಮ್ಮೆ ಬರೆದವರ ಮನಸ್ಸೂ ಹಗುರಾದದ್ದನ್ನು 2003ರಲ್ಲಿ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ಬರೆದಿದ್ದಾರೆ. ಶುರುವಿನಲ್ಲಿ ನನ್ನ ಪುಟ ಖಾಲಿ ಇರುತ್ತಿತ್ತು. ಹಾಗಾದ ದಿನ ಅಪ್ಪನ ಬಗ್ಗೆ ಒಂದು ಸಾಲು ಬರೆದೆ. ಈಗ ಅಪ್ಪನದೇ ನಲವತ್ತು ಸಾಲು ಇವೆ. ಮುಂದಿನ ಸಲ ಬಂದಾಗ ನಿನಗೆ ಓದಿ ಹೇಳುತ್ತೇನೆ.

ಅಪ್ಪನನ್ನು ಮರೆತುಬಿಡು ಅಂತ ನಾನು ಹೇಳುತ್ತಿಲ್ಲ. ದುಃಖ ಬಂದಾಗ ಅಳು. ಹುಳು ಮನೆಯ ಬೀಗ ತೆಗೆಯಲು ನಿನಗೆ ಯಾವಾಗ ಮನಸ್ಸಾಗುತ್ತದೋ ಆಗಲೇ ತೆಗಿ. ಯಾರೂ ಅವಸರ ಮಾಡುವುದಿಲ್ಲ.

ತಂಗಿಗೆ ಒಂದು ಮಾತು. ಊಟ ಬೇಡ, ನಿದ್ದೆ ಇಲ್ಲ, ಬದುಕಿದ್ದೇನು ಅನ್ನುವ ಮಾತು ಅಮ್ಮನ ಬಾಯಲ್ಲಿ ಬಂದರೆ ಸುಮ್ನೆ ಇರಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ಡಾಕ್ಟರ ಹತ್ತಿರ ಹೋದ ಹಾಗೆಯೇ ಇದೂ. ನಾನೂ ಹೋಗಿದ್ದೆ ಅಂತ ಅಮ್ಮನಿಗೆ ಹೇಳು.

ಅಮ್ಮ, ಈಗ ಇಲ್ಲಿ ಹಗಲು ದಿನಕ್ಕೆ ಮೂರು ನಾಲ್ಕು ನಿಮಿಷ ಬೆಳೆಯುತ್ತಿದೆ. ಬೆಳಗ್ಗೆ ಒಂಬತ್ತಕ್ಕೆ ನಾನು ಕೆಳಗಿಳಿದು ಹೊರಡುತ್ತೇನೆ. ಆಗ ನಿನಗೆ ಹನ್ನೆರಡೂವರೆ. ಇನ್ನು ಮೇಲೆ ಭಾನುವಾರ ಅಂತ ಕಾಯುವುದಿಲ್ಲ, ದಿನಾ ಅದೇ ಹೊತ್ತಿಗೆ ಫೋನ್ ಮಾಡುತ್ತೇನೆ. ಐದು ನಿಮಿಷ ಸಾಕು. ಜಗುಲಿ ಮೇಲೆ ಕೂತು ಎತ್ತಿಕೋ, ಒಳಗೆ ಬೇಡ. ಇವತ್ತು ಎಷ್ಟು ಚುಕ್ಕಿ ಇಟ್ಟೆ ಅಂತ ಮೊದಲು ಹೇಳು.

ನಿನ್ನ ಮಗ