ಎರಡೂ ನೋಡ್‌ಗಳು ಎದ್ದೇ ಇವೆ, ಎಲ್ಲರಿಗೂ ಥ್ಯಾಂಕ್ಸ್

ತಿಂಗಳ ಕೊನೆಯ ಬ್ಯಾಚ್ (ರಾತ್ರಿ ಒಟ್ಟಿಗೆ ಓಡುವ ಕೆಲಸಗಳು) ನಿನ್ನೆ ಮುಗಿಯಿತು. ಎರಡೂ ನೋಡ್‌ಗಳು, ಅಂದರೆ ಎರಡೂ ಸರ್ವರ್‌ಗಳು, ಎದ್ದೇ ಇವೆ. ಈ ಮಾತು ಬರೆಯೋಕೆ ತುಂಬಾ ದಿನದಿಂದ ಕಾಯುತ್ತಿದ್ದೆ. ಇವತ್ತು ಥ್ಯಾಂಕ್ಸ್ ಹೇಳಿಯೇ ಬಿಡುತ್ತೇನೆ.

ಒಂದೇ ಡೇಟಾಬೇಸನ್ನು ಎರಡು ಸರ್ವರ್‌ಗಳು ಸೇರಿ ನಡೆಸುವ ನಮ್ಮ ಒರಾಕಲ್ ರ‍್ಯಾಕ್ ಕ್ಲಸ್ಟರಿನ ಕತೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ರಾತ್ರಿ ಹೊತ್ತು ಎರಡನೇ ನೋಡ್ ತಾನಾಗಿ ರೀಬೂಟ್ ಆಗುತ್ತಿತ್ತು, ಯಾಕೆ ಅಂತ ಯಾವ ಲಾಗ್‌ನಲ್ಲೂ ಇರುತ್ತಿರಲಿಲ್ಲ. ಅಷ್ಟು ನೆನಪಿದ್ದರೆ ಸಾಕು.

ಎರಡು ನೋಡ್‌ಗಳನ್ನು ಜೋಡಿಸುವ ಇಂಟರ್‌ಕನೆಕ್ಟಿನ ಕೇಬಲ್ಲು, ಸ್ವಿಚ್ ಪೋರ್ಟು ಎಲ್ಲ ಬದಲಿಸಿಕೊಟ್ಟ ನೆಟ್‌ವರ್ಕ್ ತಂಡ, ಪವರ್ ಸಪ್ಲೈನಿಂದ ಹಿಡಿದು ಮೆಮೊರಿ ಕಡ್ಡಿಗಳವರೆಗೆ ಪರೀಕ್ಷೆ ಮಾಡಿದ ಹಾರ್ಡ್‌ವೇರ್ ಇಂಜಿನಿಯರ್, ಗ್ರಾಹಕರ ಕೋಪದ ಫೋನುಗಳನ್ನು ತಾವೇ ಎತ್ತಿಕೊಂಡ ಮ್ಯಾನೇಜರ್, ಯಾವ ಹೊತ್ತಿಗೆ ಬಂದರೂ ಎದ್ದು ಸಾರು ಬಿಸಿ ಮಾಡಿದ ಅಮ್ಮ, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಇನ್ನು ಅಕ್ಕನ ವಿಷಯ. ಲಿನಕ್ಸ್ ತಂಡದ ನಮ್ಮ ಹಿರಿಯರನ್ನು ಆಫೀಸಿನಲ್ಲಿ ಎಲ್ಲರೂ ಅಕ್ಕ ಅಂತಲೇ ಕರೆಯುತ್ತೇವೆ. ಅವರ ಬಗ್ಗೆ ಒಂದು ಸಾಲಲ್ಲಿ ಮುಗಿಸಲು ನನ್ನಿಂದ ಆಗಲ್ಲ.

ಒಂದು ರಾತ್ರಿ ಬ್ಯಾಚ್ ಅರ್ಧಕ್ಕೆ ಬಂದಾಗ ನೋಡ್ ಮತ್ತೆ ಬಿತ್ತು. ಕಾಲ್‌ನಲ್ಲಿದ್ದ ಒಬ್ಬರು ಎಲ್ಲರೆದುರಿಗೆ, 'ಡೇಟಾಬೇಸ್ ನೋಡಿಕೊಳ್ಳುವವರಿಗೆ ಕೆಲಸ ಗೊತ್ತಿಲ್ಲ' ಅಂದರು. ನಾನು ಮ್ಯೂಟ್ ಮಾಡಿ ಹೊರಗೆ ಹೋದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ನಿದ್ದೆಯಿಲ್ಲದೆ ಮೈ ನಡುಗುತ್ತಿತ್ತು. ಈ ಕೆಲಸವೇ ಬೇಡ, ಬೆಳಿಗ್ಗೆ ರಾಜೀನಾಮೆ ಕೊಡೋಣ ಅಂತ ನಿಜವಾಗಿಯೂ ತೀರ್ಮಾನ ಮಾಡಿಬಿಟ್ಟಿದ್ದೆ.

ಅಕ್ಕನ ಪಾಳಿ ಆಗಲೇ ಮುಗಿದಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಿದ್ದವರು ನನ್ನನ್ನು ನೋಡಿ ಪಕ್ಕದಲ್ಲಿ ಕೂತರು. ಎಲ್ಲಾ ಸರಿಹೋಗುತ್ತೆ ಅಂತೇನೂ ಹೇಳಲಿಲ್ಲ. 'ಇದುವರೆಗೆ ಅದು ಬಿದ್ದ ಮೇಲೆ ನೋಡ್ತಿದ್ದೀವಿ. ಮುಂದಿನ ಸಲ ಬೀಳುವಾಗಲೇ ನೋಡೋಣ ಬಾ' ಅಂದರು. ಬ್ಯಾಗ್ ಮತ್ತೆ ಒಳಗೆ ಬಂತು. ಅವರು ಮನೆಗೆ ಹೋಗಿದ್ದು ಮರುದಿನ ಮಧ್ಯಾಹ್ನ.

ನೋಡ್‌ಗಳು 'ನಾನಿದ್ದೇನೆ' ಅಂತ ಆಗಾಗ ಒಂದಕ್ಕೊಂದು ಕಳಿಸುವ ಸುದ್ದಿಗೆ ಹಾರ್ಟ್‌ಬೀಟ್ ಅನ್ನುತ್ತಾರೆ. ಅವರು ಮೊದಲು ಕೇಳಿದ ಪ್ರಶ್ನೆ ಇದು: ನೋಡ್ ಸತ್ತಿದ್ದಕ್ಕೆ ಹಾರ್ಟ್‌ಬೀಟ್ ನಿಂತಿತಾ, ಇಲ್ಲಾ ಹಾರ್ಟ್‌ಬೀಟ್ ನಿಂತಿದ್ದಕ್ಕೆ ಕ್ಲಸ್ಟರ್ ನೋಡನ್ನು ಸಾಯಿಸಿತಾ? ಉಳಿದ ನೋಡ್‌ನ ಲಾಗ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎದುರಿನವನಿಂದ ಸುದ್ದಿಯಿಲ್ಲ, 50% ಸಮಯ ಮುಗಿಯಿತು, 75%, 90%, ಕೊನೆಗೆ 30 ಸೆಕೆಂಡಿಗೆ ಹೊರಹಾಕಿದೆ ಅನ್ನುವ ಸಾಲು. ಕರೆಂಟ್ ಹೋಗಿ ಸತ್ತರೂ ಇದೇ, ಮೆಷಿನ್ ಉಸಿರುಗಟ್ಟಿ ಕೂತಿದ್ದರೂ ಇದೇ. ಬಿದ್ದ ನೋಡ್‌ನ ಲಾಗ್ ನೋಡೋಣ ಅಂದರೆ, ಕ್ಲಸ್ಟರ್ ನಡೆಸುವ ಸಾಫ್ಟ್‌ವೇರ್ (ಕ್ಲಸ್ಟರ್‌ವೇರ್) ಆ ರೀಬೂಟನ್ನು ತಕ್ಷಣ ಮಾಡುತ್ತದೆ. ಮೆಮೊರಿಯಲ್ಲಿದ್ದ ಕೊನೆಯ ಸಾಲುಗಳು ಡಿಸ್ಕಿಗೆ ಇಳಿಯುವುದೇ ಇಲ್ಲ. ಹೊತ್ತು ಕಳೆದಷ್ಟೂ ನಾವು ಆ ಖಾಲಿ ಜಾಗವನ್ನೇ ನೋಡುತ್ತಿದ್ದೆವು.

'ಸಾಯೋ ಮೆಷಿನ್ನಿನ ಡಿಸ್ಕ್ ನಂಬಬೇಡ' ಅಂದರು ಅಕ್ಕ. ಬೇರೆ ಸರ್ವರಿನಿಂದ ಎಸ್‌ಎಸ್‌ಎಚ್ ಮೂಲಕ ನೋಡಿಗೆ ಲಾಗಿನ್ ಆಗಿ, ಮೆಮೊರಿಯ ಸ್ಥಿತಿ ತೋರಿಸುವ ವಿಎಂಸ್ಟಾಟ್ ಮತ್ತು ಮೆಮ್‌ಇನ್ಫೋ ಸಾಲುಗಳು ಆ ಸರ್ವರಿನಲ್ಲೇ ಬರೆದುಕೊಳ್ಳುವಂತೆ ಮಾಡಿದರು. ಎರಡೂ ನೋಡ್‌ಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಂಡರು. ಆಮೇಲೆ ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದು ನಡುವೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದರು. ಎಡಕ್ಕೆ ಬಿದ್ದ ನೋಡಿನ ಸಮಯ, ಬಲಕ್ಕೆ ಉಳಿದ ನೋಡಿನ ಸಮಯ.

ಬೆಳಗಿನ ಜಾವ ಅದು ಮತ್ತೆ ಬಿತ್ತು. ಬಲಗಡೆ ಹಾರ್ಟ್‌ಬೀಟ್ ಇಲ್ಲ ಅಂತ ಬರೆದ ಮೇಲೂ ಎಡಗಡೆ ಸಾಲುಗಳು ಬರುತ್ತಲೇ ಇದ್ದವು. ತಡವರಿಸಿಕೊಂಡು, ಆದರೆ ಬರುತ್ತಿದ್ದವು! ಅಂದರೆ ನೋಡ್ ಬದುಕಿತ್ತು. ಮೆಮೊರಿ ಸಾಲದೆ ಡಿಸ್ಕ್ ಬಳಸುವುದನ್ನು ತೋರಿಸುವ ಸ್ವಾಪ್ ಕಾಲಂ ಏರುತ್ತಾ ಹೋಗಿತ್ತು. ಯಾವ ಮೆಮೊರಿ ಎಲ್ಲಿದೆ ಅನ್ನುವ ಪಟ್ಟಿಗಳಿಗೇ (ಪೇಜ್ ಟೇಬಲ್) ಎಷ್ಟು ಮೆಮೊರಿ ಹೋಗಿದೆ ಅಂತ ಹೇಳುವ, ಮೆಮ್‌ಇನ್ಫೋದ ಪೇಜ್‌ಟೇಬಲ್ಸ್ ಸಾಲಿನ ಮೇಲೆ ಅಕ್ಕ ಬೆರಳಿಟ್ಟು ನನ್ನ ಕಡೆ ನೋಡಿದರು.

ನಮ್ಮದು ಡೇಟಾಬೇಸಿನ ಮೆಮೊರಿಯನ್ನು ಒರಾಕಲ್ ತಾನೇ ಹಂಚುವ 'ಮೆಮೊರಿ ಟಾರ್ಗೆಟ್' ಸೆಟ್ಟಿಂಗ್ ಮೇಲೆ ನಡೆಯುವ ಹಳೆಯ ಸೆಟಪ್, ನಾವ್ಯಾರೂ ಬರುವ ಮುಂಚಿನದ್ದು. ಲಿನಕ್ಸ್‌ನಲ್ಲಿ ಅದರ ಜೊತೆ ಹ್ಯೂಜ್‌ಪೇಜಸ್ (ಮೆಮೊರಿಯನ್ನು ದೊಡ್ಡ ದೊಡ್ಡ ಪೇಜುಗಳಲ್ಲಿ ಕೊಡುವ ವ್ಯವಸ್ಥೆ) ಕೆಲಸ ಮಾಡಲ್ಲ. ಎಲ್ಲ ಪ್ರೋಸೆಸ್‌ಗಳೂ ಹಂಚಿಕೊಳ್ಳುವ ಡೇಟಾಬೇಸ್ ಮೆಮೊರಿಯಾದ 64 ಜಿಬಿ ಎಸ್‌ಜಿಎಯನ್ನು 4 ಕೆಬಿ ಪೇಜುಗಳಲ್ಲಿ ಪೂರ್ತಿ ಮ್ಯಾಪ್ ಮಾಡಿದರೆ ಒಂದೊಂದು ಪ್ರೋಸೆಸ್‌ಗೂ 128 ಎಂಬಿ ಪೇಜ್ ಟೇಬಲ್ ಬೇಕು. ರಾತ್ರಿ ಬ್ಯಾಚಿನ ಜೊತೆ ಬ್ಯಾಕಪ್ಪು, ರಿಪೋರ್ಟುಗಳು ಸೇರಿ ನೂರಾರು ಕನೆಕ್ಷನ್‌ಗಳು, ಅಂದರೆ ಅಷ್ಟೇ ಪ್ರೋಸೆಸ್‌ಗಳು, ಆದಾಗ ಮೆಮೊರಿ ಅಲ್ಲೇ ಕರಗುತ್ತಿತ್ತು. ಸ್ವಾಪ್‌ನಲ್ಲಿ ಸಿಕ್ಕಿಬಿದ್ದ ಮೆಷಿನ್ 30 ಸೆಕೆಂಡಿನೊಳಗೆ ಉತ್ತರ ಕೊಡಲಾಗದೆ ಕೂತಿರುತ್ತಿತ್ತು. ಅಂಥ ನೋಡ್ ಆಮೇಲೆ ಎಚ್ಚೆತ್ತು ಡಿಸ್ಕಿಗೆ ಬರೆದರೆ ಡೇಟಾ ಕೆಡುತ್ತದೆ. ಅದಕ್ಕೇ ಕ್ಲಸ್ಟರ್ ಅದನ್ನು ಹೊರಗೆ ಹಾಕುತ್ತಿತ್ತು. ನಾವು ಬೈಯುತ್ತಿದ್ದ ಆ ರೀಬೂಟೇ ನಮ್ಮ ಡೇಟಾ ಕಾಯುತ್ತಿತ್ತು.

ಈಗ ಮೆಮೊರಿ ಟಾರ್ಗೆಟ್ ತೆಗೆದಿದ್ದೇವೆ. ಎಸ್‌ಜಿಎ, ಪಿಜಿಎ (ಒಂದೊಂದು ಪ್ರೋಸೆಸ್‌ನ ಸ್ವಂತ ಮೆಮೊರಿ) ಬೇರೆ ಬೇರೆ ಇಟ್ಟು, ಎಸ್‌ಜಿಎಗೆ 2 ಎಂಬಿ ಪೇಜುಗಳನ್ನು ಕೊಟ್ಟಿದ್ದೇವೆ. ಅದೇ 128 ಎಂಬಿ ಈಗ ಬರೀ 256 ಕೆಬಿ.

ಅಕ್ಕ, ನೀವು ಕಾರಣ ಹುಡುಕಿದ್ದು ದೊಡ್ಡದೇ. ಆದರೆ ನನಗೆ ಜಾಸ್ತಿ ನೆನಪಿರುವುದು ನೀವು ಪ್ರತಿಯೊಂದು ಸಾಲನ್ನೂ ನನ್ನ ಕೈಲೇ ಓದಿಸಿದ್ದು. ಬೆಳಿಗ್ಗೆ ಕಾಲ್‌ನಲ್ಲಿ ವಿವರಣೆ ಕೊಡುವ ಹೊತ್ತಿಗೆ 'ಇವನೇ ಹೇಳ್ತಾನೆ' ಅಂತ ಮೈಕ್ ನನಗೆ ಬಿಟ್ಟಿರಿ. ಹಿಂದಿನ ರಾತ್ರಿ ಕೆಲಸ ಗೊತ್ತಿಲ್ಲ ಅನಿಸಿಕೊಂಡವನಿಗೆ ಅದು ಏನಾಗಿತ್ತು ಅಂತ ನಿಮಗೆ ಗೊತ್ತಿತ್ತು ಅಲ್ವಾ? ಬರೆದಿಟ್ಟಿದ್ದ ರಾಜೀನಾಮೆ ಪತ್ರವನ್ನು ಅವತ್ತೇ ಅಳಿಸಿದೆ.

ವರದಿಯಲ್ಲಿ ಅಕ್ಕನ ಹೆಸರನ್ನು ಮೊದಲ ಪುಟದಲ್ಲೇ ಹಾಕಿ ಕಳಿಸಿದ್ದೇನೆ. ಇನ್ನೊಂದು ಕ್ಲಸ್ಟರಿನಲ್ಲೂ ಇದೇ ಹಳೆಯ ಸೆಟ್ಟಿಂಗ್ ಇದೆ, ಅದನ್ನು ಬರುವ ಭಾನುವಾರ ಬದಲಿಸುತ್ತೇವೆ. ಅಕ್ಕ ರಜೆ ಹಾಕಿ ಊರಿಗೆ ಹೋಗಿದ್ದಾರೆ. ಯಾರೂ ಅವರಿಗೆ ಫೋನ್ ಮಾಡಬೇಡಿ, ನಾನು ಆಫೀಸಿನಲ್ಲೇ ಇರುತ್ತೇನೆ.