ಬಾಕ್ಸ್‌ಟರ್‌ಗೆ ಎಷ್ಟು ಕೊಡ್ಬಹುದು ಅಂತ ಕೇಳಿದ್ಯಲ್ಲ ಮೇಘನಾ

ಚಿ|| ಮೇಘನಾಗೆ ಮಾವನ ಆಶೀರ್ವಾದಗಳು.

ನೀನು ಕಳ್ಸಿದ ಆ್ಯಡ್ ನೋಡ್ದೆ. 2006ರ ಪೋರ್ಷೆ ಬಾಕ್ಸ್‌ಟರ್, 2.7 ಲೀಟರ್, ಮ್ಯಾನುಯಲ್, 58 ಸಾವಿರ ಮೈಲಿ, ಕೇಳ್ತಿರೋದು 22,500 ಡಾಲರ್. "ಮಾವ, ಇದು ಸರಿಯಾದ ರೇಟಾ, ಒಂದೇ ಮಾತಲ್ಲಿ ಹೇಳಿ" ಅಂತ ಬರ್ದಿದ್ದೀಯ. ಒಂದೇ ಮಾತಲ್ಲಿ ಹೇಳೋ ಹಂಗಿಲ್ಲ ಕಣೇ, ಯಾಕಂದ್ರೆ ರೇಟು ಹೇಳಕ್ಕೆ ಏನೇನು ಗೊತ್ತಿರ್ಬೇಕೋ ಅದ್ಯಾವುದೂ ಆ ಆ್ಯಡಲ್ಲಿ ಇಲ್ಲ. ಸಮುದ್ರದ ಪಕ್ಕ ನಿಲ್ಸಿ ತೆಗ್ದಿರೋ ಫೋಟೋ ಇದೆ, ಚೆನ್ನಾಗೇ ಇದೆ, ಆದ್ರೆ ಕ್ಲಚ್ ಯಾವಾಗ ಹಾಕ್ಸಿದ್ದು, ಟೈರು ಯಾವ ವರ್ಷದ್ದು, ಎಷ್ಟು ಜನ ಓನರು, ಸರ್ವಿಸ್ ಬಿಲ್ಲು ಇದ್ಯಾ ಇಲ್ವಾ, ಏನೂ ಬರ್ದಿಲ್ಲ ಪುಣ್ಯಾತ್ಮ. ಹಂಗಾಗಿ ನಾನು ರೇಟು ಹೇಳಲ್ಲ, ನೀನೇ ಹೆಂಗೆ ಲೆಕ್ಕ ಹಾಕ್ಬೇಕು ಅಂತ ಹೇಳ್ತೀನಿ.

ಮೊದಲು ಆ 22,500 ಅನ್ನೋದನ್ನ ತಲೆಯಿಂದ ತೆಗಿ. ಅದು ಅವನ ಆಸೆ ಅಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು, ಮಾರೋನಿಗೆ ಅವನ ಕಾರು ಯಾವತ್ತೂ "ಇಂಥದ್ದು ಇನ್ನೊಂದು ಸಿಗಲ್ಲ". ನಿಂಗೆ ಬೇಕಾಗಿರೋದು ಇಂಥ ಕಾರು ನಿಜವಾಗಿ ಎಷ್ಟಕ್ಕೆ ಕೈ ಬದಲಾಯ್ತು ಅನ್ನೋ ಲೆಕ್ಕ. ಹಳೇ ಕಾರುಗಳ ರೇಟು ಹೇಳೋ ಕೆಲ್ಲಿ ಬ್ಲೂ ಬುಕ್ ನೋಡ್ದೆ ಅಂದ್ಯಲ್ಲ, ನೋಡು ಬೇಡ ಅನ್ನಲ್ಲ, ಐದಾರು ವರ್ಷದ ಕ್ಯಾಮ್ರಿಗೆ ಅದು ಸರಿಯಾಗೇ ಹೇಳುತ್ತೆ, ಆದ್ರೆ ಇಪ್ಪತ್ತು ವರ್ಷದ ಸ್ಪೋರ್ಟ್ಸ್ ಕಾರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಇರುತ್ತೆ ಅಂದ್ರೆ ಆ ಸರಾಸರಿ ಯಾವ ಕಾರಿಗೂ ಸರಿಯಾಗಿ ಕೂರಲ್ಲ. ಅದರ ಬದ್ಲು ಬ್ರಿಂಗ್ ಎ ಟ್ರೈಲರ್ ಥರದ ಆನ್‌ಲೈನ್ ಹರಾಜುಗಳಲ್ಲಿ ಮುಗ್ದು ಹೋಗಿರೋ ಸೇಲ್ಸ್ ನೋಡು. ಅಲ್ಲಿ ಕೊನೇ ಬಿಡ್ ಎಷ್ಟು ಅಂತ ಎಲ್ಲರಿಗೂ ಕಾಣುತ್ತೆ, ಕೆಳಗಿನಿಂದ, ಒಳಗಿನಿಂದ ತೆಗ್ದ ಫೋಟೋ ಇರುತ್ತೆ, ಗೊತ್ತಿರೋ ಜನ ಕೇಳಿರೋ ಪ್ರಶ್ನೆಗಳೂ ಇರ್ತವೆ. ಬಿಡ್ ಮೇಲೆ ಬೈಯರ್ ಫೀಸ್ 5 ಪರ್ಸೆಂಟ್ ಸೇರ್ಸ್ಕೋ, ಅದನ್ನ ಮರೆತ್ರೆ ಲೆಕ್ಕ ತಪ್ಪುತ್ತೆ. ರಿಸರ್ವ್, ಅಂದ್ರೆ ಓನರ್ ಇಟ್ಟ ಕನಿಷ್ಠ ಬೆಲೆ, ಮುಟ್ಟದೆ ವಾಪಸ್ ಹೋದ ಕಾರುಗಳನ್ನೂ ನೋಡು, ಎಷ್ಟಕ್ಕೆ ಬಂದಾಗ ಓನರ್ ಒಪ್ಪಲಿಲ್ಲ ಅಂತ ಗೊತ್ತಾಗುತ್ತೆ.

ಹೋಲ್ಸೋವಾಗ ಒಂದೇ ಥರದ್ದನ್ನ ಹೋಲ್ಸು ಕಣಮ್ಮ. ಬಾಕ್ಸ್‌ಟರ್ ಅಂದ ತಕ್ಷಣ ಎಲ್ಲಾ ಒಂದಲ್ಲ. 1997ರಿಂದ 2004ರ ತನಕ ಬಂದಿದ್ದು 986, ಇದು ಕಂಪನಿ ಕೊಟ್ಟ ಮಾಡೆಲ್ ನಂಬರು. 2005ರಿಂದ 2012 ತನಕ 987, ಅದರಲ್ಲೂ 2009ಕ್ಕೆ ಎಂಜಿನ್ನೇ ಬೇರೆ ಆಯ್ತು. ನಿನ್ನ ಕಾರು 987ರ ಮೊದಲ ಭಾಗದ್ದು, 240 ಹಾರ್ಸ್‌ಪವರ್, ಅದೇ ವರ್ಷದ ಎಸ್ ಮಾಡೆಲ್ಲು 3.2 ಲೀಟರ್, 280. ನೀನು ಕಳ್ಸಿದ ಲಿಸ್ಟಲ್ಲಿ ಬೇಸು, ಎಸ್ಸು, ಟಿಪ್‌ಟ್ರಾನಿಕ್ಕು (ಆಟೋಮ್ಯಾಟಿಕ್ ಗೇರು), 2010ರದ್ದು ಎಲ್ಲಾ ಸೇರ್ಸಿ ಸರಾಸರಿ ತೆಗ್ದಿದ್ದೀಯ, ಅದರಿಂದ ಏನೂ ಗೊತ್ತಾಗಲ್ಲ. ಮ್ಯಾನುಯಲ್‌ಗೆ ಟಿಪ್‌ಟ್ರಾನಿಕ್‌ಗಿಂತ ಜಾಸ್ತಿ ಬೆಲೆ ಬರುತ್ತೆ, ಅದು ನ್ಯಾಯವೇ. ಹೊಸದಾಗಿದ್ದಾಗ 45 ಸಾವಿರದ ಆಸುಪಾಸು ಇತ್ತು, ಈಗ ಅರ್ಧಕ್ಕೆ ಸಿಗ್ತಿದೆ ಅಂತ ಖುಷಿ ಪಡ್ಬೇಡ. ಕಾರಿನ ಬೆಲೆ ಇಳಿದಿದೆ, ಪಾರ್ಟ್ಸ್ ಬೆಲೆ ಇಳಿದಿಲ್ಲ. ರಿಪೇರಿಗೆ ಹೋದಾಗ ನಿನ್ನ ಕಾರು ಇವತ್ತಿಗೂ 45 ಸಾವಿರದ ಪೋರ್ಷೆನೇ.

ಈಗ ಆ ಆ್ಯಡಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಸಾಲು: "ಐಎಂಎಸ್ ರಿಪ್ಲೇಸ್ ಆಗಿದೆ, ನೋ ವರೀಸ್". ಇದನ್ನ ಸ್ವಲ್ಪ ಬಿಡ್ಸಿ ಹೇಳ್ಬೇಕು. ಈ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ನಿಂದ ಕ್ಯಾಮ್‌ಗಳಿಗೆ ಚೈನ್ ಓಡ್ಸೋಕೆ ಮಧ್ಯೆ ಒಂದು ಶಾಫ್ಟ್ ಇದೆ, ಇಂಟರ್‌ಮೀಡಿಯೆಟ್ ಶಾಫ್ಟ್, ಅದರ ಒಂದು ತುದೀಲಿ ಸೀಲ್ ಆಗಿರೋ ಬಾಲ್ ಬೇರಿಂಗು. ಕಾಲ ಕಳೆದಂಗೆ ಸೀಲ್ ಸೋತು ಒಳಗಿನ ಗ್ರೀಸು ತೊಳ್ದು ಹೋಗುತ್ತೆ, ಬೇರಿಂಗ್ ಸವೀತದೆ, ಪುಡಿ ಆದ್ರೆ ಚೈನ್ ಟೈಮಿಂಗ್ ತಪ್ಪಿ ವಾಲ್ವು ಪಿಸ್ಟನ್‌ಗೆ ಹೊಡೆದು ಪೂರ್ತಿ ಎಂಜಿನ್ ಹೋಗುತ್ತೆ. ಮೊದಮೊದಲ ಕಾರುಗಳಲ್ಲಿ ಎರಡು ಸಾಲಿನ ಬೇರಿಂಗ್ ಇತ್ತು, ಪರವಾಗಿರ್ಲಿಲ್ಲ, ಆಮೇಲೆ ಸುಮಾರು 2000ರಿಂದ 2005ರ ತನಕ ಹಾಕಿದ ಒಂದು ಸಾಲಿನದ್ದು ಜಾಸ್ತಿ ಕೈ ಕೊಡ್ತು, 2001ರಿಂದ 2005ರ ಕಾರುಗಳ ಬಗ್ಗೆ ಅಮೆರಿಕದಲ್ಲಿ ಕ್ಲಾಸ್ ಆ್ಯಕ್ಷನ್ ಕೇಸೂ ನಡೆದು 2013ರಲ್ಲಿ ಸೆಟಲ್ ಆಯ್ತು. 2006ರಿಂದ 2008ರ ಕಾರುಗಳಲ್ಲಿ ಸಾಮಾನ್ಯವಾಗಿ ದೊಡ್ಡ ಬೇರಿಂಗು, ಅದು ಅಷ್ಟಾಗಿ ಹೋಗಲ್ಲ. ಆದ್ರೆ ಅದನ್ನ ಎಂಜಿನ್ ಇಬ್ಭಾಗ ಮಾಡದೆ ಹೊರಗೆ ತೆಗ್ಯಕ್ಕೆ ಆಗಲ್ಲ. 2009ರ ಮೇಲಿನ ಎಂಜಿನ್ನಲ್ಲಿ ಆ ಶಾಫ್ಟೇ ಇಲ್ಲ.

ಅರ್ಥ ಆಯ್ತಾ? 2006ರ ಕಾರಲ್ಲಿ "ರಿಪ್ಲೇಸ್ ಆಗಿದೆ" ಅಂದ್ರೆ ಒಂದೋ ಎಂಜಿನ್ ಪೂರ್ತಿ ಬಿಚ್ಚಿದಾರೆ, ಇಲ್ಲಾ ಬೇರೆ ಎಂಜಿನ್ ಕೂತಿದೆ, ಇಲ್ಲಾ ಅವ್ನು ಎಲ್ಲೋ ಓದಿದ ಸಾಲನ್ನ ಹಂಗೇ ಅಂಟ್ಸಿದಾನೆ. ಮೊದಲ ಎರಡಕ್ಕೂ ದೊಡ್ಡ ಬಿಲ್ಲು ಇರಲೇಬೇಕು. ಬಿಲ್ ತೋರ್ಸಪ್ಪ ಅಂತ ನಯವಾಗಿ ಕೇಳು. ಬಿಲ್ ಇಲ್ಲ ಅಂದ್ರೆ ಆ ಸಾಲಿಗೆ ಒಂದು ಡಾಲರೂ ಕೊಡ್ಬೇಡ, ಮಿಕ್ಕಿದ್ದೆಲ್ಲಾ ಮಾತನ್ನೂ ಅದೇ ಅಳತೇಲಿ ತೂಗು.

ಎಂಜಿನ್ನಲ್ಲಿ ಇನ್ನೊಂದು ಕಾಯಿಲೆ ಇದೆ, ಬೋರ್ ಸ್ಕೋರಿಂಗ್, ಸಿಲಿಂಡರ್ ಗೋಡೆ ಗೀರು ಬೀಳೋದು. 2.7ರಲ್ಲಿ ಕಮ್ಮಿ, 3.4 ಮತ್ತೆ ಅದಕ್ಕಿಂತ ದೊಡ್ಡ ಎಂಜಿನ್ನುಗಳಲ್ಲಿ ಜಾಸ್ತಿ, ಹಂಗಂತ ನೋಡದೆ ಇರ್ಬೇಡ. ಒಂದು ಕಡೆಯಿಂದ ಮಸಿ ಜಾಸ್ತಿ, ಆಯಿಲ್ ಕುಡಿಯೋದು, ಟಿಕ್ ಟಿಕ್ ಸದ್ದು, ಇವೆಲ್ಲಾ ಸೂಚನೆ. ಅದಕ್ಕೇ ಕಾರು ನೋಡಕ್ಕೆ ಹೋಗೋ ಮುಂಚೆ "ನಾ ಬರೋ ತನಕ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳು, ಹೋದ ತಕ್ಷಣ ಎಕ್ಸಾಸ್ಟ್ ಪೈಪ್ ಹತ್ರ ಕೈ ಇಟ್ಟು ನೋಡು, ಬಿಸಿ ಇದ್ರೆ ಅವ್ನು ಆಗ್ಲೇ ಓಡ್ಸಿದಾನೆ ಅಂತ, ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬಾ. ತಣ್ಣಗಿದ್ದಾಗ ಸ್ಟಾರ್ಟ್ ಮಾಡೋ ಸದ್ದಲ್ಲೇ ಅರ್ಧ ವಿಷಯ ತಿಳಿಯುತ್ತೆ. ಬಾನೆಟ್ ತೆಗ್ದು ಎಂಜಿನ್ ನೋಡ್ತೀನಿ ಅಂತ ಹೋಗ್ಬೇಡ, ಇದರಲ್ಲಿ ಮುಂದೆ ಒಂದು ಡಿಕ್ಕಿ ಹಿಂದೆ ಒಂದು ಡಿಕ್ಕಿ, ಎಂಜಿನ್ ನಿನ್ನ ಬೆನ್ನ ಹಿಂದೆ ಮುಚ್ಚಿಟ್ಟಿರುತ್ತೆ, ಆಯಿಲ್ ಹಾಕೋ ಬಾಯಿ ಮತ್ತೆ ಕೂಲಂಟ್ ಟ್ಯಾಂಕು ಹಿಂದಿನ ಡಿಕ್ಕೀಲಿ ಕಾಣುತ್ತೆ, ಅಷ್ಟೇ.

ಹಂಗಾಗಿ ಪ್ರೀ ಪರ್ಚೇಸ್ ಇನ್ಸ್‌ಪೆಕ್ಷನ್ ಇಲ್ಲದೆ ಬೆಲೆ ಮಾತಾಡೋದೇ ಬೇಡ. ಪೋರ್ಷೆನೇ ಮಾಡೋ ಇಂಡಿಪೆಂಡೆಂಟ್ ಶಾಪು ಬೇಕು, ಅವನು ಹೇಳಿದ ಶಾಪಲ್ಲ, ನೀನು ಹುಡುಕಿದ್ದು. ಕೆಲವು ನೂರು ಡಾಲರ್ ಆಗುತ್ತೆ, ಆಗ್ಲಿ. ಮೂರು ವಿಷಯ ಬಾಯಿ ಬಿಟ್ಟು ಕೇಳು, ಇಲ್ಲಾಂದ್ರೆ ಎಲ್ಲರೂ ಮಾಡಲ್ಲ: ಬೋರೋಸ್ಕೋಪ್ ಅನ್ನೋ ಸಣ್ಣ ಕ್ಯಾಮೆರಾ ಹಾಕಿ ಸಿಲಿಂಡರ್ ನೋಡೋದು, ಆಯಿಲ್ ಫಿಲ್ಟರ್ ಬಿಚ್ಚಿ ಲೋಹದ ಚೂರು ಇದ್ಯಾ ನೋಡೋದು, ಆಮೇಲೆ ಓವರ್‌ರೆವ್ ರಿಪೋರ್ಟು. ಮೂರನೇದು ನಂಗೆ ಬಹಳ ಇಷ್ಟ. ಐದನೇ ಗೇರಿಂದ ನಾಲ್ಕಕ್ಕೆ ಹಾಕಕ್ಕೆ ಹೋಗಿ ಎರಡಕ್ಕೆ ಹಾಕಿದ್ರೆ ಎಂಜಿನ್ ರೆಡ್‌ಲೈನ್, ಅಂದ್ರೆ ಅದರ ವೇಗದ ಮಿತಿ, ದಾಟಿ ತಿರುಗುತ್ತೆ, ಅದನ್ನ ಕಾರಿನ ಕಂಪ್ಯೂಟರು ಮರೆಯಲ್ಲ, 987ರಲ್ಲಿ ಆರು ರೇಂಜ್ ಆಗಿ ಬರ್ದಿಟ್ಟಿರುತ್ತೆ, ಎಂಜಿನ್ ಎಷ್ಟು ಗಂಟೆ ಓಡಿದಾಗ ಆಯ್ತು ಅಂತಾನೂ. ಒಂದನೇ ಎರಡನೇ ರೇಂಜಲ್ಲಿ ನಂಬರ್ ಇರೋದು ಸಹಜ, ಸ್ಪೋರ್ಟ್ಸ್ ಕಾರನ್ನ ಪೂಜೆ ಮಾಡಕ್ಕೆ ತಗೊಂಡಿರಲ್ಲ, ಆದ್ರೆ ನಾಲ್ಕು ಐದು ಆರನೇ ರೇಂಜಲ್ಲಿ ಇತ್ತೀಚಿನದ್ದು ಏನಾದ್ರೂ ಇದ್ರೆ ಬೆಲೆ ಎಷ್ಟೇ ಇಳಿದ್ರೂ ಬೇಡ. ಅದೇ ರಿಪೋರ್ಟಲ್ಲಿ ಒಟ್ಟು ಎಂಜಿನ್ ಗಂಟೆನೂ ಸಿಗುತ್ತೆ. 58 ಸಾವಿರ ಮೈಲೀನ ಅದರಿಂದ ಭಾಗಿಸು. ಗಂಟೆಗೆ 30 ಮೈಲಿ ಆಸುಪಾಸು ಬಂದ್ರೆ ಸರಿ, 12 ಬಂದ್ರೆ ಮೈಲಿ ಮೀಟರ್ ಹಿಂದಕ್ಕೆ ತಿರುಗ್ಸಿದಾರಾ ಅಂತ ಪ್ರಶ್ನೆ ಕೇಳೋ ಟೈಮು.

ಇನ್ಸ್‌ಪೆಕ್ಷನ್‌ಗೆ ಕೊಡಲ್ಲ ಅಂದ್ರೆ? ಅಲ್ಲಿಗೆ ಮಾತು ಮುಗೀತು, ವಾಪಸ್ ಬಾ.

ಸಣ್ಣಪುಟ್ಟದ್ದು ನೀನೇ ನೋಡ್ಬಹುದು. ಟೈರ್ ಮೇಲೆ ಡಾಟ್ ನಂಬರ್‌ನ ಕೊನೇ ನಾಲ್ಕಂಕಿ ಓದು, 2316 ಅಂದ್ರೆ 2016ರ 23ನೇ ವಾರದ್ದು, ರಬ್ಬರ್ ಎಷ್ಟೇ ದಪ್ಪ ಇರ್ಲಿ ಅದು ಎಸೆಯೋ ಟೈರು. ಮುಂದಿನ ಬಂಪರ್ ತೂತುಗಳಲ್ಲಿ ಟಾರ್ಚ್ ಬಿಟ್ಟು ನೋಡು, ಅಲ್ಲಿ ಎಲೆ ಕಸ ತುಂಬ್ಕೊಂಡು ಒದ್ದೆಯಾಗಿ ಎಸಿ ಕಂಡೆನ್ಸರು, ರೇಡಿಯೇಟರು ತುಕ್ಕು ಹಿಡೀತವೆ. ಸೀಟ್ ಹಿಂದೆ, ಕೆಳಗೆ ಕಾರ್ಪೆಟ್ ಒತ್ತಿ ನೋಡು, ತೆಗೆಯೋ ಟಾಪ್‌ನ (ಚಾವಣಿ) ನೀರು ಹೋಗೋ ದಾರಿ ಕಟ್ಕೊಂಡಿದ್ರೆ ಅಲ್ಲಿ ಒದ್ದೆ ಇರುತ್ತೆ. ಕಾರು ಫಿನ್‌ಲ್ಯಾಂಡಲ್ಲಿ ಮಾಡಿದ್ದು ಅಂತ ಯಾರೋ ಹೆದರ್ಸಿದ್ರು ಅಂದ್ಯಲ್ಲ, ಅದೊಂದು ದೊಡ್ಡ ವಿಷಯನೇ ಅಲ್ಲ, ಪೋರ್ಷೆಗೆ ಅಲ್ಲಿನ ವಾಲ್ಮೆಟ್ ಕಂಪನಿಯೋರು ಊಸಿಕೌಪುಂಕಿ ಅನ್ನೋ ಊರಲ್ಲಿ ಬಾಕ್ಸ್‌ಟರ್ ರಾಶಿ ರಾಶಿ ಮಾಡಿಕೊಟ್ಟಿದಾರೆ, ಅದಕ್ಕೆ ಬೆಲೆ ಕಮ್ಮಿನೂ ಇಲ್ಲ ಜಾಸ್ತಿನೂ ಇಲ್ಲ.

ಮೈಲಿ ಕಮ್ಮಿ ಇದ್ರೆ ಒಳ್ಳೇದು ಅಂತ ನಿಮ್ಮಪ್ಪನೂ ಹೇಳಿರ್ತಾರೆ. ಈ ಥರ ಕಾರಲ್ಲಿ ಪೂರ್ತಿ ನಿಜ ಅಲ್ಲ. ವರ್ಷಕ್ಕೆ ಐನೂರು ಮೈಲಿ ಓಡಿ ಗ್ಯಾರೇಜಲ್ಲೇ ಕೂತ ಕಾರಲ್ಲಿ ರಬ್ಬರ್ ಸೀಲು ಒಣಗಿರ್ತವೆ, ಆಯಿಲ್ ಹಳೇದಾಗಿರುತ್ತೆ. 90 ಸಾವಿರ ಮೈಲಿ ಓಡಿ ಒಂದು ಫೈಲ್ ತುಂಬ ಬಿಲ್ಲಿರೋ ಕಾರಿಗೆ ನಾನು 40 ಸಾವಿರ ಮೈಲಿಯ ಬಿಲ್ಲಿಲ್ಲದ ಕಾರಿಗಿಂತ ಜಾಸ್ತಿ ಕೊಡ್ತೀನಿ. ಬಿಲ್ಲುಗಳ ಫೈಲಿಗೇ ಬೆಲೆ ಇದೆ. ಕಾರಿನ ಇತಿಹಾಸ ಹೇಳೋ ಕಾರ್‌ಫ್ಯಾಕ್ಸ್ ರಿಪೋರ್ಟ್ ಕ್ಲೀನ್ ಅಂದ್ರೆ ಇನ್ಶೂರೆನ್ಸ್‌ಗೆ, ಪೊಲೀಸ್‌ಗೆ ಹೋಗದ ಆ್ಯಕ್ಸಿಡೆಂಟ್ ಆಗಿಲ್ಲ ಅಂತಲ್ಲ, ಪೇಂಟ್ ದಪ್ಪ ಅಳೆಯೋ ಮೀಟರಲ್ಲಿ ಶಾಪ್‌ನೋರು ನೋಡ್ಲಿ.

ಈಗ ಲೆಕ್ಕ. ಸುಮ್ನೆ ಉದಾಹರಣೆಗೆ, ಇಂಥದ್ದೇ ಬೇಸ್ ಮ್ಯಾನುಯಲ್ಲು ಒಳ್ಳೆ ಸ್ಥಿತೀಲಿ 18,500ಕ್ಕೆ ಹೋಗ್ತಿವೆ ಅಂತ ನಿಂಗೆ ಸಿಕ್ತು ಅನ್ಕೋ. ಇನ್ಸ್‌ಪೆಕ್ಷನಲ್ಲಿ ಕ್ಲಚ್ ಮುಗೀತಾ ಬಂದಿದೆ ಅಂದ್ರು, ಅದು 3,000. ಟೈರ್ ನಾಲ್ಕು, 1,200. ವಾಟರ್ ಪಂಪ್ ಸೋರ್ತಿದೆ, ಅದೊಂದು 1,000. ಒಟ್ಟು 5,200. ಅಷ್ಟನ್ನೂ ಕಳೆದು 13,300 ಅಂತ ಹೇಳ್ಬೇಡ, ಅದು ನ್ಯಾಯ ಅಲ್ಲ, ಯಾಕಂದ್ರೆ ಆ 18,500ಕ್ಕೆ ಹೋದ ಕಾರುಗಳಲ್ಲೂ ಏನೋ ಒಂದಿಷ್ಟು ಕೆಲಸ ಬಾಕಿ ಇದ್ದೇ ಇತ್ತು, ಮತ್ತೆ ನಿಂಗೆ ಹೊಸ ಕ್ಲಚ್, ಹೊಸ ಟೈರು ಸಿಕ್ತವಲ್ಲ. ನಾನಾದ್ರೆ ಈಗ್ಲೇ ಮಾಡ್ಲೇಬೇಕಾದ್ದನ್ನ ಪೂರ್ತಿ, ಒಂದೆರಡು ವರ್ಷ ತಡೆಯೋದನ್ನ ಅರ್ಧ ಕಳೀತೀನಿ, ಸೋರ್ತಿರೋ ಪಂಪು ಹಳೇ ಟೈರು ಪೂರ್ತಿ, ಕ್ಲಚ್ ಅರ್ಧ, 14,800 ಆಯ್ತು. ಅಲ್ಲಿಂದ 22,500 ಬಹಳ ದೂರ ಇದೆ. ಅವ್ನು ಒಪ್ದೆ ಇರ್ಬಹುದು, ಒಪ್ಪಬೇಕು ಅಂತ ಏನೂ ಇಲ್ಲ, ರಿಪೋರ್ಟ್ ಅವನ ಕೈಗೂ ಒಂದು ಕಾಪಿ ಕೊಟ್ಟು "ನನ್ನ ಲೆಕ್ಕ ಇದು" ಅಂತ ಹೇಳಿ ಸುಮ್ಮನಾಗು. ಕಾರನ್ನ ಬೈಬೇಡ. ಇಪ್ಪತ್ತು ದಿನ ಬಿಟ್ಟು ಅವನೇ ಮೆಸೇಜ್ ಮಾಡೋದು ಹೊಸದೇನಲ್ಲ, ಅದರಲ್ಲೂ ಟಾಪ್ ತೆಗೆಯೋ ಕಾರು ಡಿಸೆಂಬರಲ್ಲಿ ನಿಂತಿದ್ರೆ.

ಮಾಡಿಫಿಕೇಶನ್ ಬಗ್ಗೆ ಅವ್ನು "ಎಕ್ಸಾಸ್ಟ್‌ಗೇ ಎರಡು ಸಾವಿರ ಹಾಕಿದೀನಿ" ಅಂದ್ರೆ ನಕ್ಕು ಸುಮ್ಮನಿರು. ಅದು ಅವನ ಶೋಕಿ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಬ್ (ಅಲ್ಲಿನ ವಾಯುಮಾಲಿನ್ಯ ಮಂಡಳಿ) ಒಪ್ಪಿಗೆ ನಂಬರ್ ಇಲ್ಲದ ಹೆಡರು, ಕ್ಯಾಟು ಥರದ ಎಕ್ಸಾಸ್ಟ್ ಪಾರ್ಟು ಇದ್ರೆ ಹೊಗೆ ತಪಾಸಣೆ, ಅಂದ್ರೆ ಸ್ಮಾಗ್ ಟೆಸ್ಟಲ್ಲಿ ಕಣ್ಣಲ್ಲಿ ನೋಡೇ ಫೇಲ್ ಮಾಡ್ತಾರೆ, ಹಂಗಾಗಿ ಅದು ಬೆಲೆ ಇಳ್ಸೋ ಐಟಂ, ಹಳೇ ಪಾರ್ಟು ಇಟ್ಟಿದಾನಾ ಕೇಳು. ಸ್ಮಾಗ್ ಸರ್ಟಿಫಿಕೇಟ್ ಮಾರೋನೇ ಕೊಡ್ಬೇಕು, 90 ದಿನದ ಒಳಗಿನದು. "ನೀವೇ ಮಾಡ್ಸ್ಕೊಳ್ಳಿ, ನೂರು ಡಾಲರ್ ಬಿಡ್ತೀನಿ" ಅಂದ್ರೆ ಬೇಡ. ಕಾರಿನ ಕಂಪ್ಯೂಟರ್ ಓದೋ ಒಂದು ಓಬಿಡಿ ಸ್ಕ್ಯಾನರ್ ತಗೊಂಡು ಹೋಗು, ರೆಡಿನೆಸ್ ಮಾನಿಟರುಗಳು "ನಾಟ್ ರೆಡಿ" ತೋರ್ಸಿದ್ರೆ ಇತ್ತೀಚೆಗೆ ಎರರ್ ಕೋಡ್ ಅಳ್ಸಿದಾರೆ ಇಲ್ಲಾ ಬ್ಯಾಟರಿ ತೆಗ್ದಿದಾರೆ.

ಬಜೆಟ್ 20 ಸಾವಿರ ಅಂದ್ರೆ ಕಾರೇ 20 ಸಾವಿರದ್ದು ಅಂತಲ್ಲ. ಟ್ರಾನ್ಸ್‌ಫರ್ ಮಾಡ್ಸೋವಾಗ ಡಿಎಂವಿಲಿ (ಅಲ್ಲಿನ ಆರ್‌ಟಿಓ) ಯೂಸ್ ಟ್ಯಾಕ್ಸ್ ಕಟ್ಬೇಕು, ನಿಮ್ಮ ಸ್ಯಾಂಟಾ ಕ್ಲಾರಾ ಕೌಂಟಿಲಿ 9 ಪರ್ಸೆಂಟ್ ಮೇಲೇ ಇದೆ, ಪ್ರೈವೇಟ್ ಸೇಲ್‌ಗೂ ಬಿಡಲ್ಲ. ಪೇಪರಲ್ಲಿ ಕಮ್ಮಿ ಬರೆಯೋಣ ಅಂತ ಅವ್ನು ಅಂದ್ರೆ ಒಪ್ಬೇಡ. ಮೇಲಿಂದ ಇನ್ಶೂರೆನ್ಸು, ಕೋಟ್ ಮೊದಲೇ ತಗೋ. ಮೊದಲ ವರ್ಷದ ರಿಪೇರಿಗೆ ಅಂತ ಕಡಿಮೆ ಅಂದ್ರೂ ಮೂರು ಸಾವಿರ ಬೇರೆ ತೆಗ್ದಿಡು, ಇದಕ್ಕೆ ವಾರಂಟಿ ಇಲ್ಲ, ಪ್ರೈವೇಟ್ ಸೇಲ್ ಅಂದ್ರೆ ಹೆಂಗಿದ್ಯೋ ಹಂಗೆ. ಟೈಟಲ್ ಅವನ ಹೆಸ್ರಲ್ಲೇ ಇದ್ಯಾ, ಡ್ರೈವರ್ ಲೈಸೆನ್ಸ್ ಹೆಸ್ರಿಗೆ ತಾಳೆ ಆಗುತ್ತಾ, ಬ್ಯಾಂಕ್ ಲೋನ್ ಬಾಕಿ ಇದ್ಯಾ, ಸ್ಯಾಲ್ವೇಜ್ (ದೊಡ್ಡ ಡ್ಯಾಮೇಜ್ ಆಗಿ ಇನ್ಶೂರೆನ್ಸ್‌ನೋರು ಕೈಬಿಟ್ಟಿದ್ದು) ಅಂತ ಏನಾದ್ರೂ ಇದ್ಯಾ ನೋಡು. "ನನ್ನ ಫ್ರೆಂಡ್‌ದು, ನಾನು ಮಾರ್ಕೊಡ್ತಿದೀನಿ" ಅನ್ನೋ ಕಥೆ ಬಂದ್ರೆ ಆ ಫ್ರೆಂಡ್‌ನ ಕರ್ಸು. ತಗೊಂಡ ಮೇಲೆ 10 ದಿನದೊಳಗೆ ಹೆಸ್ರಿಗೆ ಮಾಡ್ಸ್ಕೋ.

ಅಕ್ಕ ಮೊನ್ನೆ ಮೈಸೂರಿಂದ ಫೋನ್ ಮಾಡಿ "ಎರಡೇ ಸೀಟಂತೆ, ನಾನೂ ಅವ್ರೂ ಬಂದ್ರೆ ಎಲ್ಲಿ ಕೂರೋದು, ನೀನಾದ್ರೂ ಬುದ್ಧಿ ಹೇಳೋ" ಅಂದ್ಲು. ನಾನು ಬೇಡ ಅಂತ ಹೇಳಲ್ಲ, ನಿನ್ನ ದುಡ್ಡು, ನಿನ್ನ ಆಸೆ, ಚಿಕ್ಕ ವಯಸ್ಸಲ್ಲೇ ಓಡ್ಸ್ಬೇಕು ಇಂಥದ್ದನ್ನ. ಆದ್ರೆ ಹಳೇ ಕೊರೋಲ್ಲಾನ ಮಾರ್ಬೇಡ, ಬಾಕ್ಸ್‌ಟರ್ ಶಾಪಲ್ಲಿ ವಾರಗಟ್ಟಲೆ ಪಾರ್ಟ್ ಕಾಯ್ತಾ ನಿಂತಾಗ ಆಫೀಸಿಗೆ ಹೋಗ್ಬೇಕಲ್ಲ.

ಈಗ ಅವನಿಗೆ ಮೆಸೇಜ್ ಹಾಕಿ ವಿಐಎನ್ (ಚಾಸಿ) ನಂಬರು, ಸರ್ವಿಸ್ ಬಿಲ್ಲುಗಳ ಫೋಟೋ, ಮತ್ತೆ ಆ ಐಎಂಎಸ್ ಬಿಲ್ಲು ಕೇಳು. ಬಂದಿದ್ದನ್ನ ನಂಗೆ ಕಳ್ಸು, ಕೂತು ಓದ್ತೀನಿ. ಒಳ್ಳೆ ಶಾಪುಗಳಲ್ಲಿ ಶನಿವಾರ ಇನ್ಸ್‌ಪೆಕ್ಷನ್ ಸಿಗೋದು ಕಷ್ಟ, ವಾರದ ಮಧ್ಯೆ ಅರ್ಧ ದಿನ ರಜಾ ಹಾಕು, ಕಾರು ಲಿಫ್ಟ್ ಮೇಲಿದ್ದಾಗ ನೀನೂ ಕೆಳಗೆ ನಿಂತು ನೋಡು, ಮೆಕ್ಯಾನಿಕ್‌ನ ಪ್ರಶ್ನೆ ಕೇಳಕ್ಕೆ ಸಂಕೋಚ ಬೇಡ.

ಇಂತಿ,
ನಿನ್ನ ಮಾವ