ಪಂಪ್ ಮಾರಿದಿರಿ, ನಡೆಸಲು ಕಲಿಸಲಿಲ್ಲ

ಇಂದ,
ನಿಮ್ಮ ಒಬ್ಬ ಗ್ರಾಹಕ,
ಮುಲುಂಡ್, ಮುಂಬೈ

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು,
ಇಂಪ್ಲಾಂಟ್ ಕಂಪನಿಯ ಮುಂಬೈ ಕಚೇರಿ

ವಿಷಯ: ಶಿಶ್ನದ ಇಂಪ್ಲಾಂಟ್‌ನ ಪಂಪ್ ನಡೆಸಲು ಸರಿಯಾಗಿ ಕಲಿಸದಿದ್ದ ಬಗ್ಗೆ ದೂರು

ಮಾನ್ಯರೇ,

ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ಬೇಕೆಂದರೆ ಮಗನ ಹತ್ತಿರವೋ ಗಲ್ಲೆಯಲ್ಲಿ ಕೂರುವ ಹುಡುಗನ ಹತ್ತಿರವೋ ಬರೆಸಬೇಕು. ಈ ವಿಷಯ ಅವರ ಮುಂದೆ ಹೇಳಲು ನನಗೆ ಮನಸ್ಸಿಲ್ಲ. ನಿಮ್ಮಲ್ಲಿ ಕನ್ನಡ ಓದುವವರು ಒಬ್ಬರಾದರೂ ಇರುತ್ತಾರೆ. ದಯವಿಟ್ಟು ಅವರಿಂದ ಪೂರ್ತಿ ಓದಿಸಿ.

ನನಗೆ 58 ವರ್ಷ. ಊರು ಕುಂದಾಪುರದ ಕಡೆ. ಮುಲುಂಡ್‌ನಲ್ಲಿ ಸಣ್ಣ ಹೋಟೆಲ್ ಇದೆ. ಸಕ್ಕರೆ ಕಾಯಿಲೆ ಬಂದು 19 ವರ್ಷ ಆಯಿತು. ಬರಬರುತ್ತಾ ಶಿಶ್ನ ನಿಮಿರದಾಯಿತು. ಅದಕ್ಕೆ ಮೊದಲು ಮಾತ್ರೆ ತೆಗೆದುಕೊಂಡೆ, ಆಮೇಲೆ ಒಂದೂವರೆ ವರ್ಷ ಅಲ್ಲಿಗೇ ಇಂಜೆಕ್ಷನ್ ಚುಚ್ಚಿಕೊಂಡೆ. ಅದೂ ಕೆಲಸ ಮಾಡದಾಯಿತು. ಕೊನೆಗೆ ಡಾಕ್ಟರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಶಿಶ್ನದೊಳಗೆ ಕೂರಿಸುವ ಸಾಧನ, ಹಾಕಿಸಲು ಹೇಳಿದರು. ಬಗ್ಗಿಸಿ ನೆಟ್ಟಗೆ ಮಾಡುವ ಕಡ್ಡಿಯಂಥದ್ದು ಇದೆ, ಬೆಲೆ ಬಹಳ ಕಡಿಮೆ, ಕಲಿಯುವುದೂ ಹೆಚ್ಚೇನಿಲ್ಲ ಎಂದರು. ನಾನೂ ಹೆಂಡತಿಯೂ ಕೂತು ಮಾತಾಡಿ, ಪಂಪ್ ಇರುವ ಮೂರು ಭಾಗದ್ದನ್ನೇ ಆರಿಸಿದೆವು. ಬೇಡದ ಹೊತ್ತಿನಲ್ಲಿ ಮೆತ್ತಗಿರುತ್ತದೆ ಅನ್ನುವುದೇ ಕಾರಣ. ದಿನಾ ಲೋಕಲ್ ಟ್ರೇನಿನಲ್ಲಿ ಜನರ ಮಧ್ಯೆ ನಿಲ್ಲುವವನಿಗೆ ಅದು ಸಣ್ಣ ವಿಷಯ ಅಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರ್ ಮೇಲೆ ನನಗೆ ದೂರಿಲ್ಲ. ಪಂಪ್ ನಡೆಸುವುದನ್ನು ಕಲಿಸುವುದು ನಿಮ್ಮ ಕೆಲಸ ಎಂದು ಬಿಲ್ ಜೊತೆ ಬಂದ ಕಾಗದದಲ್ಲಿ ನೀವೇ ಬರೆದಿದ್ದೀರಿ. ದೂರು ಇರುವುದು ಅದರ ಬಗ್ಗೆ.

ಆರು ವಾರ ಆದ ಮೇಲೆ ನಿಮ್ಮ ಪ್ರತಿನಿಧಿ ಕ್ಲಿನಿಕ್‌ಗೆ ಬಂದರು. ಕೈಯಲ್ಲಿ ಮಾದರಿ ಇತ್ತು. ಶಿಶ್ನದೊಳಗೆ ಕೂರುವ ಎರಡು ಸಿಲಿಂಡರ್, ಹೊಟ್ಟೆಯ ಕೆಳಗೆ ಕೂರುವ ಸಲೈನ್ (ಉಪ್ಪುನೀರಿನ) ಚೀಲ, ಆ ನೀರನ್ನು ಸಿಲಿಂಡರ್‌ಗೆ ತಳ್ಳಲು ಬೀಜದ ಚೀಲದಲ್ಲಿ ಕೂರುವ ಪಂಪ್. 'ಇದನ್ನು ಒತ್ತಿದರೆ ಏರುತ್ತದೆ, ಇದನ್ನು ಒತ್ತಿದರೆ ಇಳಿಯುತ್ತದೆ' ಎಂದು ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಹೇಳಿದರು. ನನ್ನ ಮೈಮೇಲೆ ಎರಡು ಸಲ ಅವರೇ ಮಾಡಿ ತೋರಿಸಿದರು. ನನ್ನ ಕೈಯಿಂದ ಒಮ್ಮೆಯೂ ಮಾಡಿಸಲಿಲ್ಲ. ಹೊರಗೆ ಕೂತಿದ್ದ ಹೆಂಡತಿಯನ್ನು ಕರೆಯಲಿಲ್ಲ. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಕೈಗೆ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟು ಹೋದರು.

ಮಾದರಿ ಟೇಬಲ್ ಮೇಲೆ ಕಣ್ಣಿಗೆ ಕಾಣುತ್ತದೆ. ನನ್ನ ಪಂಪ್ ಚರ್ಮದ ಒಳಗಿದೆ. ಆರು ವಾರ ಆದರೂ ಸ್ವಲ್ಪ ಬಾವು ಇತ್ತು, ಮುಟ್ಟಿದರೆ ನೋವು. ಪಂಪ್ ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತಿದೆ. ಅದರ ಮೇಲೆ, ಸಕ್ಕರೆ ಕಾಯಿಲೆಯಿಂದ ನನ್ನ ಬೆರಳ ತುದಿಗೆ ಸ್ಪರ್ಶ ಕಡಿಮೆ. ಏರಿಸುವ ಕೆಳಗಿನ ಉರುಟಾದ ಗುಂಡು ಯಾವುದು, ಇಳಿಸುವ ಮೇಲಿನ ಸಣ್ಣ ಗುಂಡಿ ಯಾವುದು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈ ಇಂಪ್ಲಾಂಟ್ ಹಾಕಿಸುವವರಲ್ಲಿ ಸಕ್ಕರೆ ಕಾಯಿಲೆಯವರು ಜಾಸ್ತಿ. ಇದು ನಿಮಗೆ ಗೊತ್ತಿಲ್ಲದ ಮಾತಲ್ಲ, ಅಲ್ವಾ?

ನಾಲ್ಕನೇ ದಿನ ರಾತ್ರಿ ಮೊದಲ ಸಲ ನಾನೇ ಮಾಡಿದೆ. ಏರಿತು. ಇಳಿಸಲು ಹೋದರೆ ಇಳಿಯಲಿಲ್ಲ. ಒತ್ತಿದಷ್ಟೂ ಇನ್ನೂ ಬಿಗಿಯಾಯಿತು. ಇಳಿಸುವ ಗುಂಡಿ ಅಂದುಕೊಂಡು ಏರಿಸುವ ಗುಂಡನ್ನೇ ಒತ್ತುತ್ತಿದ್ದೆ ಅಂತ ಆಮೇಲೆ ತಿಳಿಯಿತು. ಆಗ ರಾತ್ರಿ ಹನ್ನೊಂದು ಗಂಟೆ. ಹಿಂದೆ ಇಂಜೆಕ್ಷನ್ ಕೊಡುವಾಗ, 4 ಗಂಟೆ ಆದರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಿ ಬಾ, ಇಲ್ಲದಿದ್ದರೆ ಒಳಗೆ ಹಾಳಾಗುತ್ತದೆ ಎಂದು ಡಾಕ್ಟರ್ ಎಚ್ಚರಿಸಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬೆಳಿಗ್ಗೆ 9ರ ನಂತರ ಮಾಡಿ ಎಂದು ರೆಕಾರ್ಡ್ ಮಾತಾಡಿತು. ಹೆಂಡತಿ ಟಾರ್ಚ್ ಹಿಡಿದು, ಪುಸ್ತಕದ ಚಿತ್ರ ನೋಡಿ ನೋಡಿ ಹುಡುಕಿದಳು. ಬೆಳಗಿನ ಜಾವ ನಾಲ್ಕಕ್ಕೆ ಅವಳ ಬೆರಳಿಗೇ ಆ ಗುಂಡಿ ಸಿಕ್ಕಿತು. ಅವಳು ಅಳುತ್ತಿದ್ದಳು. ನಾನೂ ಅತ್ತೆ.

ಇಂಜೆಕ್ಷನ್‌ನಲ್ಲಿ ರಕ್ತ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಇಂಪ್ಲಾಂಟ್‌ನಲ್ಲಿ ಇರುವುದು ಬರೀ ಉಪ್ಪುನೀರು, ಆ ಅಪಾಯ ಇಲ್ಲಿಲ್ಲ ಎಂದು ಮರುದಿನ ಡಾಕ್ಟರ್ ಹೇಳಿದರು. ಈ ಒಂದು ಮಾತನ್ನು ನಿಮ್ಮ ಪ್ರತಿನಿಧಿ ಮೊದಲೇ ಹೇಳಿದ್ದರೆ ನಮ್ಮ ಆ ಐದು ಗಂಟೆ ಹಾಗೆ ಇರುತ್ತಿರಲಿಲ್ಲ.

ಬೆಳಿಗ್ಗೆ ನಿಮ್ಮವರು ಫೋನ್ ಎತ್ತಿದರು. ವಿಡಿಯೋ ನೋಡಿ ಎಂದರು. ನಾನು ನಿಂತಿದ್ದದ್ದು ಹೋಟೆಲ್ ಅಡುಗೆಮನೆಯ ಬಾಗಿಲಲ್ಲಿ. ತೊಂದರೆ ಏನು ಅಂತ ಜೋರಾಗಿ ಹೇಳಿ ಎಂದು ಮೂರು ಸಲ ಕೇಳಿದರು. ಫೋನ್ ಇಟ್ಟುಬಿಟ್ಟೆ.

ನನಗೆ ಕಲಿಸಿದ್ದು ಡಾಕ್ಟರ್ ಹತ್ತಿರ ಕೆಲಸ ಮಾಡುವ ಒಬ್ಬ ಮರಾಠಿ ಬ್ರದರ್, ಅಂದರೆ ಗಂಡು ನರ್ಸ್. ಮಾದರಿಯ ಪಂಪನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣು ಮುಚ್ಚಿಸಿ, ನನ್ನ ಕೈಗೆ ಕೊಟ್ಟರು. ಗುಂಡು ಎಲ್ಲಿ, ಗುಂಡಿ ಎಲ್ಲಿ ಎಂದು ಹತ್ತು ಸಲ ಹುಡುಕಿಸಿದರು. ಬಿಸಿನೀರು ಸ್ನಾನ ಆದ ಮೇಲೆ ಮಾಡಿ, ಚರ್ಮ ಸಡಿಲ ಇರುತ್ತದೆ, ಪಂಪ್ ಕೈಗೆ ಸಿಗುತ್ತದೆ ಎಂದರು. ಎಡಗೈಯಲ್ಲಿ ಪಂಪನ್ನು ಮೆಲ್ಲಗೆ ಕೆಳಗೆ ಎಳೆದು ಅಲುಗಾಡದಂತೆ ಹಿಡಿಯಬೇಕು. ಮೊದಲ ಒತ್ತು ಗಟ್ಟಿ ಇರುತ್ತದೆ, ಹೆದರಬಾರದು. ಇಳಿಸುವಾಗ ಗುಂಡಿಯನ್ನು ಒತ್ತಿ ಬಿಟ್ಟರೆ ಸಾಲದು, ಕೆಲವು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಶಿಶ್ನವನ್ನು ಹಿಂಡಿ ನೀರನ್ನು ಚೀಲಕ್ಕೆ ಕಳಿಸಬೇಕು. ಹೆಂಡತಿಯನ್ನೂ ಒಳಗೆ ಕರೆದು ಅವಳಿಗೂ ಕಲಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಈಗ ನನ್ನ ಕೈಗೆ ಒಂದು ನಿಮಿಷದ ಕೆಲಸ.

ಇಂಪ್ಲಾಂಟ್ ಹಾಕಿದ ಮೇಲೆ ಹಳೆಯ ದಾರಿ ಮುಚ್ಚಿದ ಹಾಗೆ. ಅದನ್ನು ತೆಗೆದರೂ ಮೊದಲಿನಂತೆ ತಾನಾಗಿ ನಿಮಿರುವುದಿಲ್ಲ. ಪಂಪ್ ನಡೆಸಲು ಬಾರದವನಿಗೆ ಲಕ್ಷಗಟ್ಟಲೆ ಕೊಟ್ಟ ವಸ್ತು ಮೈಯೊಳಗೆ ಸುಮ್ನೆ ಬಿದ್ದಿರುತ್ತದೆ. ಈ ಥರದ ಇಂಪ್ಲಾಂಟ್ 1973ರಲ್ಲೇ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬಂತು ಎಂದು ಡಾಕ್ಟರ್ ಹೇಳಿದರು. 50 ವರ್ಷದ ಮೇಲಾಯಿತು. ಕನ್ನಡದಲ್ಲಿ, ಮರಾಠಿಯಲ್ಲಿ ಎರಡು ಪುಟದ ಚಿತ್ರದ ಹಾಳೆ ಮಾಡಲು ನಿಮಗೆ ಇನ್ನೆಷ್ಟು ವರ್ಷ ಬೇಕು?

ನಾನು ದುಡ್ಡು ವಾಪಸ್ ಕೇಳುತ್ತಿಲ್ಲ. ಆ ಹಾಳೆ ಮಾಡಿ. ರೋಗಿ ತನ್ನ ಕೈಯಿಂದ ಏರಿಸಿ ಇಳಿಸಿ ತೋರಿಸುವ ತನಕ ನಿಮ್ಮ ಪ್ರತಿನಿಧಿ ಎದ್ದು ಹೋಗಬಾರದು. ಹೆಂಡತಿ ಬಂದಿದ್ದರೆ, ಇಬ್ಬರಿಗೂ ಇಷ್ಟ ಇದ್ದರೆ, ಅವಳನ್ನೂ ಕರೆಯಿರಿ. ಮಾದರಿಯನ್ನು ಒಂದು ತಿಂಗಳು ಮನೆಗೆ ಕೊಡಿ. ರಾತ್ರಿಯೂ ಫೋನ್ ಎತ್ತುವ ಒಬ್ಬರು ಇರಲಿ. ಜನ ಇದನ್ನು ಬಳಸುವುದು ರಾತ್ರಿ. ಫೋನ್ ಎತ್ತಿದವರು ಮೊದಲು, 'ಈಗ ಮಾತಾಡಲು ಅನುಕೂಲ ಇದೆಯಾ' ಎಂದು ಕೇಳಲಿ.

30 ದಿನದಲ್ಲಿ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ 84ನೇ ಸೆಕ್ಷನ್‌ನಲ್ಲಿ, ಸರಿಯಾಗಿ ಬಳಸುವ ಸೂಚನೆ ಸಾಕಷ್ಟು ಕೊಡದೆ ಹಾನಿಯಾದರೆ ತಯಾರಿಸಿದವರೇ ಹೊಣೆ ಎಂದಿದೆ.

ಮಧ್ಯಾಹ್ನ ಮೂರರಿಂದ ಐದರ ತನಕ ನಾನು ಮನೆಯಲ್ಲಿರುತ್ತೇನೆ. ಆಗ ಫೋನ್ ಮಾಡಿ. ನಂಬರ್ ನಿಮ್ಮ ದಾಖಲೆಯಲ್ಲಿದೆ. ಹೆಂಡತಿ ಎತ್ತಿದರೆ ಅವಳ ಹತ್ತಿರವೇ ಮಾತಾಡಬಹುದು. ಅವಳಿಗೆ ಎಲ್ಲ ಗೊತ್ತು.

ಇತಿ,
ನಿಮ್ಮ ಗ್ರಾಹಕ